ಕಳವಾದಲ್ಲಿ ಕಳವಾಗದೆ ಉಳಿದದ್ದು

ಊರಿಗೆ ಹೋದಾಗಲೆಲ್ಲ ನಾನು ಕೇಳಲೇಬೇಕಾದ ಒಂದು ಜೋಕಿದೆ. "ಮುಂಬೈಯಾಗ ಎಲ್ಲಿರ್ತೀಯೋ ತಮ್ಮಾ?" ಎಂದು ಯಾರಾದರೂ ಕೇಳುತ್ತಾರೆ. ನಾನು "ಕಳವಾ" ಅನ್ನುತ್ತೇನೆ. "ಅಯ್ಯ, ಏನ್ ಕಳವಾತು?" ಎಂಬ ಪ್ರಶ್ನೆ ಬಂದೇ ಬರುತ್ತದೆ. ಮೂವತ್ತು ವರ್ಷದಿಂದ ಇದೇ ಪ್ರಶ್ನೆ, ಇದೇ ನಗು. ಠಾಣೆ ದಾಟಿದ ಮೇಲೆ ಸಿಗುವ ಮೊದಲ ಸ್ಟೇಷನ್, ಒಂದು ಕಡೆ ಖಾಡಿ, ಇನ್ನೊಂದು ಕಡೆ ಪಾರ್ಸಿಕ್ ಗುಡ್ಡ ಎಂದೆಲ್ಲ ವಿವರಿಸುವ ಗೋಜಿಗೆ ನಾನೂ ಹೋಗುವುದಿಲ್ಲ. ನಕ್ಕು ಸುಮ್ಮನಾಗುತ್ತೇನೆ.

ಈ ವರ್ಷ ಮಾತ್ರ ಆ ಪ್ರಶ್ನೆ ತಲೆಯಿಂದ ಇಳಿಯಲಿಲ್ಲ. ನಮ್ಮ ಬಿಲ್ಡಿಂಗ್ ರಿಡೆವಲಪ್‌ಮೆಂಟಿಗೆ ಹೋಗಿದೆ. ಸುಮಾರು ಮೂವತ್ತೈದು ವರ್ಷದ ಹಳೆಯ ಕಟ್ಟಡ. ಮಳೆಗಾಲ ಬಂತೆಂದರೆ ಸ್ಲ್ಯಾಬಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಅಡುಗೆಮನೆಯಲ್ಲಿ ಒಂದು ಬಕೆಟ್, ಹಾಲಿನಲ್ಲಿ ಎರಡು ಪಾತೆಲಿ ಇಟ್ಟುಕೊಂಡು ನಾವು ಜೂನ್‌ನಿಂದ ಸೆಪ್ಟೆಂಬರ್ ಕಳೆಯುತ್ತಿದ್ದೆವು. ಸೊಸೈಟಿಯ ಮೀಟಿಂಗುಗಳು, ಜಗಳಗಳು, ಸಹಿಗಳು ಎಲ್ಲ ಮುಗಿದು, ಮನೆ ಖಾಲಿ ಮಾಡಲು ಎರಡು ತಿಂಗಳ ಗಡುವು ಸಿಕ್ಕಿತು. ಖಾರೆಗಾಂವ್ ಕಡೆ ಒಂದು ಒನ್ ಆರ್‌ಕೆ ಬಾಡಿಗೆಗೆ ಹಿಡಿದೆವು. ಮೂರು ಜನ, ಒಂದು ಕೋಣೆ, ಒಂದು ಅಡುಗೆಮನೆ. ಮೂರು ವರ್ಷ ಎನ್ನುತ್ತಾರೆ. ಮುಂಬೈಯಲ್ಲಿ ಮೂರು ವರ್ಷ ಎಂದರೆ ಎಷ್ಟೆಂದು ನಿಮಗೆ ಹೇಳಬೇಕಿಲ್ಲ.

ಬಾಡಿಗೆ ಮನೆಯನ್ನು ಟೇಪ್ ಹಿಡಿದು ಅಳೆದು ಬಂದ ಹೆಂಡತಿ ಒಂದೇ ಮಾತು ಹೇಳಿದಳು: "ನಿಮ್ಮ ಕಪಾಟ ಅಲ್ಲಿ ಹಿಡಿಯೂದಿಲ್ರೀ."

ನನ್ನ ಕಪಾಟು ಎಂದರೆ ಗೋಡೆಯುದ್ದದ ಒಂದು ಗೋದ್ರೇಜ್ ಬೀರು ಮತ್ತು ಅದರ ಪಕ್ಕದ ಪ್ಲೈವುಡ್ ರ‍್ಯಾಕು. ಅದರಲ್ಲಿ ಮುನ್ನೂರು ಚಿಲ್ಲರೆ ಕನ್ನಡ ಪುಸ್ತಕಗಳು. ಕೆಳಗಿನ ಖಾನೆಯಲ್ಲಿ ಎರಡು ಚೀಲ ತುಂಬ ಕ್ಯಾಸೆಟ್ಟು, ಒಂದು ಬಿಸ್ಕತ್ತಿನ ಡಬ್ಬಿ ತುಂಬ ಸಿಡಿ. ಇಷ್ಟೇ ನನ್ನ ಆಸ್ತಿ. ಈ ಲೇಖನ ಅದರ ಪಂಚನಾಮೆ.

ಸ್ಲೋ ಲೋಕಲ್ಲಿನ ಓದು

ನಾನು ಹಾವೇರಿ ಜಿಲ್ಲೆಯ ಶಿಗ್ಗಾವಿ ತಾಲ್ಲೂಕಿನವನು. 1994ರಲ್ಲಿ ಮುಂಬೈಗೆ ಬಂದಾಗ ನಮ್ಮದು ಇನ್ನೂ ಧಾರವಾಡ ಜಿಲ್ಲೆಯೇ ಆಗಿತ್ತು. ಠಾಣೆ-ಬೇಲಾಪುರ ರಸ್ತೆಯ ಒಂದು ಕಾರ್ಖಾನೆಯಲ್ಲಿ ಇನ್‌ಸ್ಟ್ರುಮೆಂಟ್ ಟೆಕ್ನಿಷಿಯನ್ ಕೆಲಸ. ವಿಟಾವಾ ಕಡೆಯ ಚಾಳಿನಲ್ಲಿ ಐದು ಜನರ ಜೊತೆ ಒಂದು ಖೋಲಿ. ಟ್ರಂಕಿನಲ್ಲಿ ನಾಲ್ಕು ಬಟ್ಟೆ, ಒಂದು ವಾಕ್‌ಮನ್, ಆರೋ ಏಳೋ ಕ್ಯಾಸೆಟ್ಟು.

ಕೆಲವು ವರ್ಷದಲ್ಲಿ ಆ ಕಾರ್ಖಾನೆ ಮುಚ್ಚಿತು. ಆಮೇಲೆ ಸಿಕ್ಕಿದ್ದು ಫೋರ್ಟಿನ ಒಂದು ಆಫೀಸಿನಲ್ಲಿ ಸರ್ವಿಸ್ ಎಂಜಿನಿಯರ್ ಕೆಲಸ. ಅಲ್ಲಿಂದ ಶುರುವಾಯಿತು ನನ್ನ ಓದು. ಆಗ ಫಾಸ್ಟ್ ಲೋಕಲ್ಲುಗಳು ಪಾರ್ಸಿಕ್ ಸುರಂಗದೊಳಗಿಂದ ನೆಟ್ಟಗೆ ಠಾಣೆಗೆ ಹೋಗಿಬಿಡುತ್ತಿದ್ದವು. 1916ರಲ್ಲಿ ತೆರೆದ, ಒಂದು ಕಿಲೋಮೀಟರಿಗೂ ಉದ್ದದ ಸುರಂಗ ಅದು. ಗುಡ್ಡವನ್ನು ಬಳಸಿಕೊಂಡು ಮುಂಬ್ರಾ, ಕಳವಾ ನೋಡಿಕೊಂಡು ಬರುವುದು ಸ್ಲೋ ಗಾಡಿಯ ಕೆಲಸ. ಡೊಂಬಿವಿಲಿಯವರು ನಮ್ಮನ್ನು ಕಂಡು ಅಯ್ಯೋ ಅನ್ನುತ್ತಿದ್ದರು. ಆದರೆ ಓದುವವನಿಗೆ ಸ್ಲೋ ಗಾಡಿ ಒಳ್ಳೆಯದು. ಹೋಗಲು ಸುಮಾರು ಒಂದು ಗಂಟೆ, ಬರಲು ಒಂದು ಗಂಟೆ. ಫೋರ್ತ್ ಸೀಟು ಸಿಕ್ಕರೆ ಅರ್ಧ ಅಂಡು ಊರಿ, ಪುಸ್ತಕವನ್ನು ನಾಲ್ಕಾಗಿ ಮಡಚಿದಂತೆ ಹಿಡಿದುಕೊಂಡು ದಿನಕ್ಕೆ ಮೂವತ್ತು ಪುಟ ಓದುತ್ತಿದ್ದೆ.

ಹಾಗೆ ಓದಿದ ಮೊದಲ ದೊಡ್ಡ ಪುಸ್ತಕ ಯಶವಂತ ಚಿತ್ತಾಲರ 'ಶಿಕಾರಿ'. 1979ರ ಕಾದಂಬರಿ. ಅದರ ನಾಯಕ ನಾಗಪ್ಪ ಮುಂಬೈಯ ಒಂದು ಕೆಮಿಕಲ್ ಕಂಪನಿಯಲ್ಲಿ ದೊಡ್ಡ ಹುದ್ದೆಯಲ್ಲಿದ್ದವನು. ಒಂದು ದಿನ ಇದ್ದಕ್ಕಿದ್ದಂತೆ ಅವನ ನೌಕರಿಗೆ ಕುತ್ತು ಬರುತ್ತದೆ. ತಾನು ಮಾಡಿದ ತಪ್ಪೇನೆಂದು ಅವನಿಗೇ ಗೊತ್ತಿಲ್ಲ. ಕಾರ್ಖಾನೆಯ ಗೇಟಿಗೆ ಬೀಗ ಬಿದ್ದ ಬೆಳಿಗ್ಗೆ ಹೊರಗೆ ನಿಂತಿದ್ದ ನನಗೆ ಆ ಕಾದಂಬರಿಯನ್ನು ಯಾರೂ ವಿಮರ್ಶೆ ಮಾಡಿ ತಿಳಿಸಬೇಕಾಗಿರಲಿಲ್ಲ. ಮುಲುಂಡ್ ಬಂದದ್ದು, ಘಾಟ್‌ಕೋಪರ್ ಹೋದದ್ದು ತಿಳಿಯದೆ ಓದಿದೆ. ಒಮ್ಮೆ ಕಳವಾದಲ್ಲಿ ಇಳಿಯುವುದನ್ನು ಮರೆತು ದಿವಾಕ್ಕೆ ಹೋಗಿ ವಾಪಸು ಬಂದಿದ್ದೂ ಇದೆ.

ಆಮೇಲೆ ಸಿಕ್ಕವರು ಜಯಂತ ಕಾಯ್ಕಿಣಿ. 'ಅಮೃತಬಳ್ಳಿ ಕಷಾಯ', 'ದಗಡೂ ಪರಬನ ಅಶ್ವಮೇಧ', 'ಬಣ್ಣದ ಕಾಲು', 'ತೂಫಾನ್ ಮೇಲ್'. ಅವರ ಕತೆಗಳಲ್ಲಿ ಬರುವ ಜನ ನನ್ನ ಎದುರಿನ ಸೀಟಿನಲ್ಲೇ ಕೂತಿರುತ್ತಿದ್ದರು. ಒಂದು ವಿಷಯ ಗಮನಿಸಿದ್ದೀರಾ? ಹನೇಹಳ್ಳಿಯ ಚಿತ್ತಾಲರು ಪಾಲಿಮರ್ ವಿಜ್ಞಾನದವರು. ಗೋಕರ್ಣದ ಕಾಯ್ಕಿಣಿ ಧಾರವಾಡದಲ್ಲಿ ಬಯೋಕೆಮಿಸ್ಟ್ರಿ ಓದಿ, ಮುಂಬೈಯ ಔಷಧ ಕಂಪನಿಗಳಲ್ಲಿ ಎರಡು ದಶಕಕ್ಕೂ ಹೆಚ್ಚು ದುಡಿದವರು. ಇಬ್ಬರೂ ಉತ್ತರ ಕನ್ನಡದವರು, ಇಬ್ಬರೂ ಲ್ಯಾಬಿನ ವಾಸನೆ ಬಲ್ಲವರು. ಠಾಣೆ-ಬೇಲಾಪುರ ರಸ್ತೆಯ ಗಾಳಿ ಕುಡಿದ ನನ್ನಂಥವನಿಗೆ ಅವರು ಸ್ವಂತದವರೆನಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಸಾಹಿತ್ಯ ಅಂದರೆ ಮೇಷ್ಟರುಗಳ ವ್ಯವಹಾರ ಎಂದು ತಿಳಿದಿದ್ದವನಿಗೆ, ಶಿಫ್ಟ್ ಡ್ಯೂಟಿಯವರಿಗೂ ಅದರಲ್ಲಿ ಜಾಗವಿದೆ ಎಂದು ತೋರಿಸಿಕೊಟ್ಟವರು ಇವರಿಬ್ಬರು.

ಇಂಡೀ ಎಂಬ ಹೊಸ ಹೆಸರು

ಈಗ ಕ್ಯಾಸೆಟ್ಟಿನ ಚೀಲ.

ಫೋರ್ಟ್ ಆಫೀಸಿನ ಕಾಲದಲ್ಲಿ ನನ್ನ ಇನ್ನೊಂದು ಅಡ್ಡಾ ಕಾಲಾ ಘೋಡಾದ ರಿದಮ್ ಹೌಸ್. ಅಲ್ಲಿ ಕೊಳ್ಳುವ ಮೊದಲು ಕೇಳಿ ನೋಡಲು ಪುಟ್ಟ ಬೂತುಗಳಿದ್ದವು. ಊಟದ ಬಿಡುವಿನಲ್ಲಿ ಹೋಗಿ ಕೇಳಿ, ಕೊಳ್ಳದೆ ಬರುವ ನನ್ನಂಥವರನ್ನೂ ಅವರು ಓಡಿಸುತ್ತಿರಲಿಲ್ಲ. ಅಲ್ಲಿ ಕೊಂಡದ್ದು ಇಂಡಿಯನ್ ಓಷನ್ ಎಂಬ ದಿಲ್ಲಿ ಬ್ಯಾಂಡಿನ 'ಕಂದೀಸಾ'. 2000ದ ಆಲ್ಬಂ. ಅದರ ಶೀರ್ಷಿಕೆಗೀತೆ ಅರಮೇಯಿಕ್ ಭಾಷೆಯ ಒಂದು ಹಳೆಯ ಪ್ರಾರ್ಥನೆ. ಒಂದಕ್ಷರ ಅರ್ಥವಾಗದಿದ್ದರೂ ಗಾಡಿಯಲ್ಲಿ ಕಣ್ಣು ಮುಚ್ಚಿ ಕೇಳುತ್ತಿದ್ದೆ. ಆಗ ಒಂದು ಯೋಚನೆ ಬರುತ್ತಿತ್ತು: ಯಾರಿಗೂ ತಿಳಿಯದ ಅರಮೇಯಿಕ್ ಇಡೀ ದೇಶದಲ್ಲಿ ಓಡುವುದಾದರೆ ನಮ್ಮ ಶರೀಫಜ್ಜ ಯಾಕೆ ಓಡಬಾರದು?

2008ರಲ್ಲಿ ಅದಕ್ಕೆ ಉತ್ತರ ಸಿಕ್ಕಿತು. ಆಫೀಸಿನ ಒಬ್ಬ ಹುಡುಗ ಸಿಡಿಯೊಂದನ್ನು ತಂದು, "ಸರ್, ಯೇ ಆಪ್ ಕೀ ಭಾಷಾ ಹೈ ನಾ?" ಅಂದ. ರಘು ದೀಕ್ಷಿತ್ ಅವರ ಮೊದಲ ಆಲ್ಬಂ. ಹೊರತಂದವರು ಹಿಂದಿ ಸಿನಿಮಾದ ವಿಶಾಲ್-ಶೇಖರ್ ಜೋಡಿ. ರಘು ಹುಟ್ಟಿದ್ದು ನಾಸಿಕದಲ್ಲಿ, ಬೆಳೆದದ್ದು ಮೈಸೂರಿನಲ್ಲಿ. ಆ ಆಲ್ಬಂನಲ್ಲಿ ಹಿಂದಿ ಇತ್ತು, ಇಂಗ್ಲಿಷಿತ್ತು. ಮುಂಬೈಯಲ್ಲಿ ಪವಾಡಕ್ಕಾಗಿ ಕಾಯುತ್ತಿದ್ದೇನೆ ಎಂಬರ್ಥದ ಹೆಸರಿನ ಹಾಡೂ ಒಂದಿತ್ತು. ಅವುಗಳ ನಡುವೆ, ಗಿಟಾರು ಡ್ರಮ್ಮಿನ ಜೊತೆ, ಶಿಶುನಾಳ ಶರೀಫರ ಗುಡುಗುಡಿಯ ಪದ!

ಶಿಶುನಾಳ ನಮ್ಮ ತಾಲ್ಲೂಕಿನ ಊರು. 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಹೋದ ಶರೀಫರ ಗದ್ದುಗೆ ಅಲ್ಲೇ ಇದೆ. ಹುಟ್ಟಿನಿಂದ ಮುಸಲ್ಮಾನರು, ಗುರು ಕಳಸದ ಗೋವಿಂದಭಟ್ಟರು. ಗದ್ದುಗೆಗೆ ಹಿಂದೂಗಳೂ ಹೋಗುತ್ತಾರೆ, ಮುಸಲ್ಮಾನರೂ ಹೋಗುತ್ತಾರೆ. ಚಕ್ಕಡಿ ಕಟ್ಟಿಕೊಂಡು ಜಾತ್ರೆಗೆ ಹೋಗಿ, ಅಜ್ಜನ ತೊಡೆಯ ಮೇಲೆ ನಿದ್ದೆಗಣ್ಣಿನಲ್ಲಿ ಏಕತಾರಿಯ ಜೊತೆ ಕೇಳಿದ್ದ ಪದವನ್ನು ನಾನೀಗ ಸಿಎಸ್‌ಟಿಯಿಂದ ಹೊರಟ ಗಾಡಿಯಲ್ಲಿ, ಬಾಗಿಲಿಗೆ ಒರಗಿ, ಇಯರ್‌ಫೋನಿನಲ್ಲಿ ಕೇಳುತ್ತಿದ್ದೆ. ಪಕ್ಕದಲ್ಲಿ ನಿಂತಿದ್ದವನು "ಕ್ಯಾ ಹುವಾ, ಭಾಯ್?" ಎಂದು ಕೇಳಿದ ಮೇಲೆಯೇ ಕಣ್ಣು ಒರೆಸಿಕೊಂಡದ್ದು.

ಮರುವರ್ಷ ಅಪ್ಪ ಕಳವಾಕ್ಕೆ ಬಂದಾಗ ಉತ್ಸಾಹದಿಂದ ಅದನ್ನು ಹಾಕಿದೆ. ಅವರು ಅರ್ಧ ಕೇಳಿ, "ಗದ್ಲಾ ಜಾಸ್ತಿ ಆತು" ಅಂದರು. ನನಗೆ ಮುಖ ಸಣ್ಣದಾಯಿತು. ಸಿ. ಅಶ್ವಥ್ ಹಾಡಿದ್ದೇ ಸರಿ ಅನ್ನುತ್ತಾರೇನೋ ಎಂದುಕೊಂಡೆ. 1990ರಲ್ಲಿ ನಾಗಾಭರಣ ಅವರ 'ಸಂತ ಶಿಶುನಾಳ ಶರೀಫ' ಸಿನಿಮಾ ಬಂದ ಮೇಲೆ ಶರೀಫರೆಂದರೆ ಅಶ್ವಥ್ ಕಂಠ ಎನ್ನುವಷ್ಟು ಅವೆರಡೂ ಒಂದಾಗಿಬಿಟ್ಟಿದ್ದವಲ್ಲ. ಆದರೆ ಅಪ್ಪ ಹೇಳಿದ್ದು ಬೇರೆ. "ಅಶ್ವಥ್ ಹಾಡಿದಾಗೂ ನಮ್ಮಪ್ಪ ಗದ್ಲಾ ಅಂದಿದ್ದ. ಹಾಡಾವ್ರು ಇದ್ದಾರಲ್ಲ, ಇರ್ಲಿ ಬಿಡು" ಅಂದು, ಉಳಿದರ್ಧವನ್ನೂ ಕೇಳಿದರು.

ಮಗಳು ಈಗ 'ಇಂಡೀ' ಎಂಬ ಶಬ್ದವನ್ನು ದಿನಕ್ಕೆ ಹತ್ತು ಸಲ ಬಳಸುತ್ತಾಳೆ. ದೊಡ್ಡ ಕಂಪನಿಯ ಹಂಗಿಲ್ಲದೆ, ಸಿನಿಮಾದ ಹಂಗಿಲ್ಲದೆ ತಮ್ಮ ಹಾಡನ್ನು ತಾವೇ ಮಾಡಿಕೊಳ್ಳುವವರು ಎಂದು ಅದರ ಅರ್ಥವಂತೆ. ಹಾಗಾದರೆ ನಮ್ಮಲ್ಲಿ ಇದು ಯಾವಾಗ ಇರಲಿಲ್ಲ? ಶರೀಫರಿಗೆ ಯಾವ ಕಂಪನಿ ಇತ್ತು? ನನ್ನ ಚೀಲದಲ್ಲಿ ನಿಸಾರ್ ಅಹಮದರ 'ನಿತ್ಯೋತ್ಸವ' ಇದೆ. 1978ರಲ್ಲಿ ಮೈಸೂರು ಅನಂತಸ್ವಾಮಿಯವರ ಸಂಗೀತದಲ್ಲಿ ಬಂದ, ಕನ್ನಡದ ಮೊದಲ ಭಾವಗೀತೆಗಳ ಕ್ಯಾಸೆಟ್ಟು ಎಂದು ಹೆಸರಾದದ್ದು. ಸಿನಿಮಾದ ನಾಯಕ ನಾಯಕಿ ಮರ ಸುತ್ತದೆಯೂ ಒಂದು ಕವಿತೆ ಮನೆಮನೆಗೆ ಹೋಗಬಲ್ಲದು ಎಂದು ತೋರಿಸಿದವರು ಅವರು. ಭಾವಗೀತೆಯವರಿಗೆ ಯಾರೂ ಇಂಡೀ ಎಂದು ಕರೆಯಲಿಲ್ಲ, ಅಷ್ಟೇ.

ನಾನು ಇದನ್ನು ಹೇಳಿದರೆ ಮಗಳು ಅವಳ ಪಟ್ಟಿ ತೆಗೆಯುತ್ತಾಳೆ. ಅದರಲ್ಲಿ ಪ್ರತೀಕ್ ಕುಹಾಡ್ ಇದ್ದಾರೆ, ಅಂಧೇರಿಯ ಗಲ್ಲಿಯಿಂದ ಬಂದ ಡಿವೈನ್ ಇದ್ದಾರೆ, ಬೆಂಗಳೂರಿನ ಸ್ವರಾತ್ಮ ಬ್ಯಾಂಡ್ ಇದೆ. 2024ರಲ್ಲಿ 'ಬಿಗ್ ಡಾಗ್ಸ್' ಹಾಡಿ ಲೋಕವೆಲ್ಲ ತಿರುಗಿ ನೋಡುವಂತೆ ಮಾಡಿದ, ಬೆಂಗಳೂರಿನಲ್ಲಿ ಬೆಳಕಿಗೆ ಬಂದ ಮಲಯಾಳಿ ಹನುಮಾನ್‌ಕೈಂಡ್ ಇದ್ದಾರೆ. ಆ ವಿಡಿಯೋದಲ್ಲಿ ಜಾತ್ರೆಯ 'ಮೌತ್ ಕಾ ಕುವಾ' ಇದೆಯಲ್ಲ, ಮರದ ಬಾವಿಯೊಳಗೆ ಮೋಟರ್‌ಸೈಕಲ್ ಸುತ್ತುವುದು, ಅದನ್ನು ನೋಡಿ ನಾನೂ ಹೆಂಡತಿಯೂ ಒಟ್ಟಿಗೆ "ಅರೇ!" ಎಂದೆವು. ನಾವಿಬ್ಬರೂ ಬೇರೆ ಬೇರೆ ಊರಿನ ಜಾತ್ರೆಯಲ್ಲಿ ಅದನ್ನು ಕಂಡವರು. ಮಗಳು ಅದನ್ನು ಮೊಬೈಲಿನಲ್ಲಿ ಮಾತ್ರ ನೋಡಿದವಳು. "ನಿಜವಾಗಿಯೂ ಇರುತ್ತಾ?" ಎಂದು ಕೇಳಿದಳು. ಆವತ್ತು ಒಂದು ಗಂಟೆ ಜಾತ್ರೆಯ ಕತೆಯಾಯಿತು.

ರದ್ದಿಯವನ ತಕ್ಕಡಿ

ಇಷ್ಟೆಲ್ಲ ಹೇಳಿದೆ, ಈಗ ಅಸಲು ಸಂಗತಿಗೆ ಬರುತ್ತೇನೆ.

ಪುಸ್ತಕಗಳನ್ನು ಏನು ಮಾಡುವುದು? ಊರಿನ ಮನೆ ಅಪ್ಪ ಹೋದ ಮೇಲೆ ಮುಚ್ಚಿದೆ, ಅಲ್ಲಿ ಗೆದ್ದಲು. ಒಂದೆರಡು ಕಡೆ ಗ್ರಂಥಾಲಯಕ್ಕೆ ಕೊಡುತ್ತೇನೆಂದು ಫೋನ್ ಮಾಡಿದೆ. "ನಮ್ಮ ಹತ್ತಿರ ಇರೋದನ್ನೇ ಇಡಲು ಜಾಗ ಇಲ್ಲ ಸರ್, ಓದುವವರು ಎಲ್ಲಿದ್ದಾರೆ?" ಅಂದರು. ಅವರದ್ದು ತಪ್ಪೆಂದು ಹೇಳಲಾರೆ. ಕೊನೆಗೆ ಒಂದು ಭಾನುವಾರ ರದ್ದಿಯವನನ್ನು ಕರೆದೆ. ಹಳೆಯ ಪೇಪರಿಗೆ ಎಂದು ಕರೆದದ್ದು, ನಿಜ. ಆದರೆ ಕಪಾಟಿನ ಬಾಗಿಲು ತೆರೆದಿಟ್ಟಿದ್ದೆ ಎಂಬುದೂ ನಿಜ.

ಅವನು ಒಂದು ಪುಸ್ತಕ ಎತ್ತಿ ತಿರುಗಿಸಿ, "ಕಾನಡಿ ಆಹೇ ಕಾ?" ಎಂದು ಕೇಳಿದ. ಹೌದೆಂದೆ. ಇಂಗ್ಲಿಷ್, ಮರಾಠಿ ಆದರೆ ಸೆಕೆಂಡ್‌ಹ್ಯಾಂಡ್ ಅಂಗಡಿಗೆ ಹೋಗುತ್ತದೆ, ಸ್ವಲ್ಪ ಹೆಚ್ಚು ಕೊಡಬಹುದು. ಇದು ಇಲ್ಲಿ ಯಾರಿಗೂ ಬೇಡ, ನೇರ ಪಲ್ಪಿಗೆ ಹೋಗುತ್ತದೆ, ಪೇಪರಿನ ರೇಟೇ ಎಂದ. ಸಿಟ್ಟಿನಿಂದಲ್ಲ, ಕುಚೋದ್ಯದಿಂದಲ್ಲ, ತನ್ನ ಧಂಧೆಯ ಲೆಕ್ಕ ಹೇಳಿದ. ತಕ್ಕಡಿಯ ಮೇಲೆ 'ಶಿಕಾರಿ' ಇತ್ತು. ಅದರ ಹೊದಿಕೆಯ ಮೇಲೆ ನಾನು ಬಾಲ್‌ಪೆನ್ನಿನಲ್ಲಿ ಬರೆದಿದ್ದ ಸೀಸನ್ ಪಾಸಿನ ನಂಬರು ಕಾಣುತ್ತಿತ್ತು.

ನಾನು ಪುಸ್ತಕ ಎತ್ತಿಕೊಂಡೆ. ಅವನು ಪೇಪರನ್ನಷ್ಟೇ ಕಟ್ಟಿಕೊಂಡು ಹೋದ. ಆದರೆ ಅವನು ಹೇಳಿದ ಮಾತು ಮನೆಯಲ್ಲೇ ಉಳಿಯಿತು. 'ಇಲ್ಲಿ ಯಾರಿಗೂ ಬೇಡ' ಎಂದರೆ ಕಳವಾದಲ್ಲಿ ಬೇಡ ಎಂದೇ ಅವನ ಅರ್ಥ. ನಾನು ನನ್ನ ಮನೆಯನ್ನೇ ನೋಡಿದೆ. ಇಪ್ಪತ್ತು ವರ್ಷದ ಮಗಳು ಕನ್ನಡ ಮಾತಾಡುತ್ತಾಳೆ, ಹಿಂದಿ ಮರಾಠಿ ಬೆರೆಸಿಕೊಂಡು. ಓದಲು ಬರುವುದಿಲ್ಲ. ಹೆಂಡತಿ ಅಕ್ಕಲಕೋಟೆ ತಾಲ್ಲೂಕಿನವಳು. ಸೊಲ್ಲಾಪುರ ಜಿಲ್ಲೆಯ ಆ ಕಡೆ ಮನೆಮಾತು ಅಚ್ಚ ಕನ್ನಡ. ಕೆಲವು ಹಳ್ಳಿಗಳಲ್ಲಿ ಕನ್ನಡ ಶಾಲೆಗಳೂ ಇವೆ, ಆದರೆ ಅವಳ ಊರಿನದು ಮರಾಠಿ ಶಾಲೆ. ಅವಳಿಗೂ ಕನ್ನಡ ಅಕ್ಷರ ಬರುವುದಿಲ್ಲ. ಅಂದರೆ ಮುನ್ನೂರು ಕನ್ನಡ ಪುಸ್ತಕಗಳ ಮನೆಯಲ್ಲಿ ಓದಬಲ್ಲವನು ನಾನೊಬ್ಬನೇ.

ಇದಕ್ಕೆ ಮುಂಬೈಯನ್ನು ಬೈಯುವುದು ಸುಲಭ. ಕಳವಾದಲ್ಲಿ ಹತ್ತಿರ ಕನ್ನಡ ಶಾಲೆ ಇರಲಿಲ್ಲ, ನನಗೆ ಪುರುಸೊತ್ತಿರಲಿಲ್ಲ, ಟೂರಿನ ಕೆಲಸ. ಇವೆಲ್ಲ ಖರೆ. ಆದರೆ ಮಗಳಿಗೆ ಐದು ವರ್ಷವಿದ್ದಾಗ ದಿನಕ್ಕೊಂದು ಅಕ್ಷರ ಕಲಿಸಿದ್ದರೆ ಎರಡು ತಿಂಗಳ ಕೆಲಸವಾಗಿತ್ತು. ಆ ಎರಡು ತಿಂಗಳು ನಾನು ಗಾಡಿಯಲ್ಲಿ ಒಬ್ಬನೇ ಕೂತು ಓದುತ್ತಿದ್ದೆ. ಮನೆಗೆ ಬಂದು ಪುಸ್ತಕವನ್ನು ಕಪಾಟಿನಲ್ಲಿಟ್ಟು ಕೀಲಿ ಹಾಕುತ್ತಿದ್ದೆ. ಮಕ್ಕಳು ಹರಿಯಬಾರದಲ್ಲ!

ಕೋಡಗ ಎಂದರೆ ಏನು?

ಗಂಟು ಕಟ್ಟುವ ಕೆಲಸ ರಾತ್ರಿ ಊಟದ ಮೇಲೆ ನಡೆಯುತ್ತಿತ್ತು. ಹಳೆಯ ಟೂ-ಇನ್-ಒನ್ ಇನ್ನೂ ಉಸಿರಾಡುತ್ತಿತ್ತು. ಯಾವ ಕ್ಯಾಸೆಟ್ಟು ಹಾಡುತ್ತದೆ, ಯಾವುದು ಬೂಷ್ಟು ಹಿಡಿದಿದೆ ಎಂದು ನೋಡಲು ಒಂದೊಂದೇ ಹಾಕುತ್ತಿದ್ದೆ. ಅಶ್ವಥ್ ಹಾಡಿರುವ ಶರೀಫರ ಪದ ಬಂತು. ಕೋಳಿ ಕೋಡಗವನ್ನು ನುಂಗುವ, ಲೋಕವೆಲ್ಲ ತಲೆಕೆಳಗಾಗುವ ಆ ಒಗಟಿನ ಪದ ನಿಮಗೆಲ್ಲ ಗೊತ್ತೇ ಇದೆ.

ಮಗಳು ಪುಸ್ತಕದ ಧೂಳು ಒರೆಸುತ್ತಾ ಕೇಳಿದಳು: "ಪಪ್ಪಾ, ಕೋಡಗ ಅಂದ್ರೆ ಏನು?"

ನಾನು ಬಾಯಿ ತೆರೆದೆ. ಏನೂ ಬರಲಿಲ್ಲ. ನಲವತ್ತೈದು ವರ್ಷದಿಂದ ಕೇಳಿದ ಹಾಡು. ಸಾವಿರ ಸಲ ಗುನುಗಿದ ಶಬ್ದ. ಕೊಡಗಿಗೆ ಸಂಬಂಧಿಸಿದ್ದೇ? ಕೋಡು ಇರುವ ಪ್ರಾಣಿಯೇ? "ಅದು... ಒಂಥರಾ ಪ್ರಾಣಿ" ಎಂದೆ, ಮೇಷ್ಟರ ಗತ್ತಿನಲ್ಲಿ.

ಅಡುಗೆಮನೆಯಿಂದ ಹೆಂಡತಿಯ ಧ್ವನಿ ಬಂತು: "ಕ್ವಾಡಗ ಅಂದ್ರ ಮಂಗ್ಯಾ ಅಲ್ಲೇನ್ರೀ! ಅಷ್ಟೂ ಗೊತ್ತಿಲ್ಲೇನು?" ಅವಳ ಅಜ್ಜಿ ಬಿಲ್ಡಿಂಗ್ ಹತ್ತುವ ಮೊಮ್ಮಕ್ಕಳನ್ನೆಲ್ಲ "ಕ್ವಾಡಗನಂಥವು" ಎಂದೇ ಬೈಯುತ್ತಿದ್ದಳಂತೆ.

ಹೌದು, ಕೋಡಗ ಎಂದರೆ ಕೋತಿ. ಮುನ್ನೂರು ಪುಸ್ತಕ ಇಟ್ಟುಕೊಂಡವನಿಗೆ ಗೊತ್ತಿರಲಿಲ್ಲ. ಒಂದು ಕನ್ನಡ ಅಕ್ಷರ ಓದಲು ಬಾರದವಳಿಗೆ ಗೊತ್ತಿತ್ತು. ಮಗಳು ಬಿದ್ದು ಬಿದ್ದು ನಕ್ಕಳು. ನಾನೂ ನಕ್ಕೆ, ಸ್ವಲ್ಪ ತಡವಾಗಿ.

ಅದಾದ ಮೇಲೆ ಮನೆ ಸೋರುವ ಇನ್ನೊಂದು ಪದ. ಮಾಳಿಗೆ ಸೋರುತ್ತಿದೆ, ಮೇಲೆ ಹತ್ತಿ ಸರಿಮಾಡುವ ಧೈರ್ಯ ಯಾರಿಗೂ ಇಲ್ಲ ಎಂಬ ಭಾವದ್ದು. ಮಗಳು ಮೇಲಿನ ಸ್ಲ್ಯಾಬ್ ತೋರಿಸಿ, "ಇದು ನಮ್ಮ ಸೊಸೈಟಿಯದೇ ಹಾಡು" ಎಂದಳು. ಹೆಂಡತಿ ಅವಳಿಗೆ ಮಾಳಿಗೆ ಎಂದರೆ ಏನೆಂದು ಹೇಳಿದಳು: ನಮ್ಮ ಕಡೆ ಹೆಂಚಿಲ್ಲ, ಮಣ್ಣಿನ ಮಟ್ಟಸ ಮಾಳಿಗೆ, ಮಳೆಗಾಲಕ್ಕೆ ಮುಂಚೆ ಅದಕ್ಕೆ ಹೊಸ ಮಣ್ಣು ಹೊದಿಸಬೇಕು, ಇಲ್ಲದಿದ್ದರೆ ಸೋರುವುದೇ. ಶರೀಫರು ಹೇಳಿದ್ದು ಅಜ್ಞಾನದ ಮಾಳಿಗೆ ಎಂದು ನಾನು ಸೇರಿಸಿದೆ. "ಮೊದಲ ಮಣ್ಣಿನ ಮಾಳಿಗಿ ತಿಳೀಲಿ ಅಕಿಗೆ, ಆಮ್ಯಾಲೆ ಅಜ್ಞಾನ" ಎಂದಳು ಹೆಂಡತಿ.

ಇಂಗ್ಲಿಷಿನಲ್ಲಿ ಬಂದ ಕಾಯ್ಕಿಣಿ

ಎರಡು ದಿನದ ನಂತರ ಮಗಳು ತನ್ನ ಬ್ಯಾಗಿನಿಂದ ಒಂದು ಇಂಗ್ಲಿಷ್ ಪುಸ್ತಕ ತೆಗೆದು ನನ್ನ ಕೈಗಿಟ್ಟಳು. 'ನೋ ಪ್ರೆಸೆಂಟ್ಸ್ ಪ್ಲೀಸ್'. ಕಾಯ್ಕಿಣಿಯವರ ಮುಂಬೈ ಕತೆಗಳನ್ನು ತೇಜಸ್ವಿನಿ ನಿರಂಜನ ಇಂಗ್ಲಿಷಿಗೆ ತಂದದ್ದು, 2018ರ ಡಿಎಸ್‌ಸಿ ದಕ್ಷಿಣ ಏಷ್ಯಾ ಸಾಹಿತ್ಯ ಪ್ರಶಸ್ತಿ ಪಡೆದದ್ದು. ಕಾಲೇಜು ಲೈಬ್ರರಿಯಿಂದ ತಂದು ಅವಳು ಯಾವಾಗಲೋ ಓದಿದ್ದಳು. ನನಗೆ ಹೇಳಿರಲಿಲ್ಲ. 2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರ 'ಹಾರ್ಟ್ ಲ್ಯಾಂಪ್'ಗೆ ಅಂತರರಾಷ್ಟ್ರೀಯ ಬೂಕರ್ ಬಂತಲ್ಲ, ದೀಪಾ ಭಾಸ್ತಿ ಅನುವಾದಿಸಿದ್ದು, ಆಮೇಲೆ ಅದನ್ನೂ ಗೆಳತಿಯರ ಜೊತೆ ಓದಿದ್ದಾಳೆ. "ನನ್ನ ಫ್ರೆಂಡ್ಸ್ ಎಲ್ಲ, ನಿನಗೆ ಒರಿಜಿನಲ್ ಓದೋಕೆ ಬರುತ್ತಲ್ವಾ, ಲಕ್ಕಿ ಅಂತಾರೆ. ನಾನು ಹೂಂ ಅಂತೀನಿ" ಎಂದಳು.

ಆ 'ಹೂಂ' ನನಗೆ ಚುಚ್ಚಿತು. ಇಷ್ಟು ವರ್ಷ ನಾನು ಅವಳಿಗೆ ಕನ್ನಡದಲ್ಲಿ ಆಸಕ್ತಿಯಿಲ್ಲ ಎಂದುಕೊಂಡಿದ್ದೆ. ಅವಳು ನನ್ನ ಕಪಾಟಿನ ಪುಸ್ತಕಗಳನ್ನೇ ಇಂಗ್ಲಿಷಿನ ಬಾಗಿಲಿಂದ ಒಳಹೊಕ್ಕು ಓದುತ್ತಿದ್ದಳು. ಮನೆಯ ಬಾಗಿಲಿಗೆ ಕೀಲಿ ಹಾಕಿದ್ದವನು ನಾನು.

"ಇದರಲ್ಲಿ ನಿನಗೆ ಇಷ್ಟವಾದ ಕತೆ ಯಾವುದು?" ಎಂದೆ. ಮದುವೆ ಕಾಗದ ಅಚ್ಚುಹಾಕಿಸಲು ಹೊರಟ ಬಡ ಜೋಡಿಯ ಕತೆ ಎಂದಳು. ಕಪಾಟಿನಿಂದ ಕನ್ನಡದ್ದನ್ನು ಹುಡುಕಿ ತೆಗೆದೆ. ಅವಳು ಇಂಗ್ಲಿಷ್ ಪುಸ್ತಕ ತೊಡೆಯ ಮೇಲಿಟ್ಟುಕೊಂಡಳು, ನಾನು ಕನ್ನಡದಲ್ಲಿ ಗಟ್ಟಿಯಾಗಿ ಓದತೊಡಗಿದೆ. ಹೆಂಡತಿ ಮೊದಲು ಪಾತ್ರೆ ತೊಳೆಯುತ್ತಲೇ ಕೇಳುತ್ತಿದ್ದಳು. ಮೂರನೇ ಪುಟಕ್ಕೆ ನಲ್ಲಿ ನಿಂತಿತು. ಐದನೇ ಪುಟಕ್ಕೆ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದು ಕೂತಳು. ಮುಗಿದ ಮೇಲೆ ಕೇಳಿದಳು: "ಇದು ಪುಸ್ತಕದಾಗ ಹಿಂಗಽ ಬರದಾರೇನು? ನಮ್ಮ ಮಂದಿ ಮಾತಾಡಿಧಂಗ ಐತಲ್ಲ."

ಇಪ್ಪತ್ತಮೂರು ವರ್ಷದ ಸಂಸಾರದಲ್ಲಿ ನಾನು ಅವಳಿಗೆ ಒಂದು ಕತೆ ಓದಿ ಹೇಳಿದ್ದು ಅದೇ ಮೊದಲು.

ಆ ರಾತ್ರಿಯಿಂದ ಗಂಟು ಕಟ್ಟುವ ಕೆಲಸ ನಿಧಾನವಾಯಿತು. ದಿನಕ್ಕೊಂದು ಕತೆ. ಮೇಲಿಂದ ಪಾತೆಲಿಗೆ ಟಪ್ ಟಪ್ ಎಂದು ನೀರು ಬೀಳುತ್ತಿತ್ತು. ಮಗಳು ನಡುನಡುವೆ ನಿಲ್ಲಿಸಿ, "ಇಂಗ್ಲಿಷಿನಲ್ಲಿ ಇದು ಹೀಗಿಲ್ಲ" ಎಂದು ತಕರಾರು ತೆಗೆಯುತ್ತಿದ್ದಳು. ಒಂದು ಶಬ್ದದ ಮೇಲೆ ಹದಿನೈದು ನಿಮಿಷ ಜಗಳವಾದದ್ದೂ ಉಂಟು. ತೀರ್ಪು ಯಾವಾಗಲೂ ಅಕ್ಕಲಕೋಟೆಯ ಕೋರ್ಟಿನದೇ.

ಏನು ಹೋಯಿತು, ಏನು ಉಳಿಯಿತು

ಎಲ್ಲವನ್ನೂ ಉಳಿಸಿಕೊಂಡೆ ಎಂದು ಬರೆದರೆ ಸುಳ್ಳಾಗುತ್ತದೆ. ಒನ್ ಆರ್‌ಕೆ ಒನ್ ಆರ್‌ಕೆಯೇ. ಮೂರು ಗುಂಪು ಮಾಡಿದೆವು. ಹಳೆಯ ವಿಶೇಷಾಂಕಗಳು, ಎರಡೆರಡು ಪ್ರತಿ ಇದ್ದವು, ನಾನು ಕೊಂಡು ಎಂದೂ ತೆರೆಯದ ದಪ್ಪ ಪುಸ್ತಕಗಳು, ಎಲ್ಲ ಸೇರಿ ಸುಮಾರು ನೂರು. ಅವನ್ನು ಗಾಡಿಯಲ್ಲಿ ಪರಿಚಯವಾದ ಡೊಂಬಿವಿಲಿ, ಐರೋಲಿಯ ಕನ್ನಡಿಗ ಗೆಳೆಯರಿಗೆ ಹಂಚಿದೆ. ಕೊಡುವ ಮುಂಚೆ ಒಂದೇ ಷರತ್ತು: ಮನೆಯಲ್ಲಿ ಒಂದಾದರೂ ಗಟ್ಟಿಯಾಗಿ ಓದಬೇಕು. ಇನ್ನು ನೂರರಷ್ಟನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಬೇವಿನ ಸೊಪ್ಪು ಹಾಕಿ, ಎರಡು ಟ್ರಂಕಿನಲ್ಲಿಟ್ಟು ಬಾಡಿಗೆ ಮನೆಯ ದಿವಾನಿನ ಕೆಳಗೆ ತಳ್ಳಿದ್ದೇವೆ. ಉಳಿದವು ಕೈಗೆ ಸಿಗುವಂತೆ ಒಂದು ಸಣ್ಣ ರ‍್ಯಾಕಿನಲ್ಲಿವೆ. ಗೋದ್ರೇಜ್ ಬೀರು ಮಾರಿದೆ. ಅದಕ್ಕೆ ಒಳ್ಳೆಯ ರೇಟು ಬಂತು.

ಕ್ಯಾಸೆಟ್ಟುಗಳಲ್ಲಿ ಅರ್ಧಕ್ಕರ್ಧ ಹಾಳಾಗಿದ್ದವು. ಟೇಪಿಗೆ ಬಿಳಿ ಬೂಷ್ಟು. ಅವನ್ನು ಎಸೆಯುವಾಗ ಸಂಕಟವಾಯಿತು, ಆದರೆ ಎಸೆದೆ. ಆ ಹಾಡುಗಳೆಲ್ಲ ಮಗಳ ಮೊಬೈಲಿನಲ್ಲಿ ಸಿಗುತ್ತವೆ. ರಿದಮ್ ಹೌಸ್ ಕೂಡ 2016ರ ಫೆಬ್ರುವರಿ 29ಕ್ಕೆ ಬಾಗಿಲು ಹಾಕಿತು. ಆ ದಿನ ನಾಲ್ಕು ವರ್ಷಕ್ಕೊಮ್ಮೆ ಬರುವುದರಿಂದ ನನಗೆ ತಾರೀಖು ಮರೆಯುವುದಿಲ್ಲ. ಉಳಿದ ಕ್ಯಾಸೆಟ್ಟುಗಳ ಮೇಲೆ ಮಗಳು ಹೆಸರು ಬರೆದಿದ್ದಾಳೆ, ದೇವನಾಗರಿಯಲ್ಲಿ. ಶರೀಫ, ಅಶ್ವಥ್, ನಿತ್ಯೋತ್ಸವ. ನೋಡಿದಾಗ ಮೊದಲು ಕಸಿವಿಸಿಯಾಯಿತು. ಆಮೇಲೆ ಹೆಂಡತಿ ಅದನ್ನು ಓದಿ ತನಗೆ ಬೇಕಾದ ಕ್ಯಾಸೆಟ್ಟು ತಾನೇ ಹಾಕಿಕೊಂಡಳು. ಇಷ್ಟು ವರ್ಷ ಅವಳಿಗೆ ನನ್ನನ್ನು ಕೇಳಬೇಕಾಗುತ್ತಿತ್ತು. ನಾನು ಸುಮ್ಮನಾದೆ.

ಮಗಳು ಅಕ್ಷರ ಕಲಿಯಲು ಶುರುಮಾಡಿದ್ದಾಳೆ. ದೊಡ್ಡ ಸುದ್ದಿಯೇನಲ್ಲ. ಇಪ್ಪತ್ತು ದಿನದಲ್ಲಿ ಸ್ವರಗಳು ಮುಗಿದಿವೆ, 'ಖ' 'ಘ'ಗಳ ಬಳಿ ಗಾಡಿ ನಿಂತಿದೆ. ಪರೀಕ್ಷೆ ಬಂದರೆ ಬಿಟ್ಟುಬಿಡಬಹುದು. ಒತ್ತಕ್ಷರ ಬಂದಾಗ ಬೈದುಕೊಳ್ಳಬಹುದು. ಅವಳು 'ಶಿಕಾರಿ' ಓದುವ ದಿನವನ್ನು ನಾನು ನೋಡುತ್ತೇನೋ ಇಲ್ಲವೋ. ಆದರೆ ಕಳವಾ ಸ್ಟೇಷನ್ನಿನಲ್ಲಿ ನಿಂತು, ಯಾರೋ ಪ್ರಯಾಣಿಕರ ಕೈಯಲ್ಲಿದ್ದ ಕನ್ನಡ ಪೇಪರಿನಲ್ಲಿ ಮೂರು ಅಕ್ಷರ ಗುರುತಿಸಿ ನನಗೆ ಫೋನ್ ಮಾಡಿದಳು. ಆ ಫೋನು ಬಂದಾಗ ನಾನು ಮೀಟಿಂಗಿನಲ್ಲಿದ್ದೆ. ಎತ್ತಿದೆ.

ಹಳೆಯ ಮನೆಯ ಕೀಲಿಯನ್ನು ಬಿಲ್ಡರನ ಕಡೆಯವರಿಗೆ ಕೊಟ್ಟು ಬಂದ ಸಂಜೆ ಜೋರು ಮಳೆ. ಹೊಸ ಕೋಣೆಯಲ್ಲಿ ಎಲ್ಲೂ ಸೋರಲಿಲ್ಲ. ಮೂವರೂ ಆಗಾಗ ಮೇಲೆ ನೋಡುತ್ತಿದ್ದೆವು, ಅಭ್ಯಾಸಬಲ. ಊಟವಾದ ಮೇಲೆ ನಾನು ದಣಿದು ದಿವಾನಿನ ಮೇಲೆ ಅಡ್ಡಾದೆ. ಒಂದು ವಾರದಿಂದ 'ಶಿಕಾರಿ' ಓದುತ್ತಿದ್ದೆವು, ಗಂಟುಮೂಟೆಯ ಗಡಿಬಿಡಿಯಲ್ಲಿ ಎರಡು ದಿನ ತಪ್ಪಿತ್ತು.

ಹೆಂಡತಿ ರ‍್ಯಾಕಿನಿಂದ ಪುಸ್ತಕ ತಂದು ನನ್ನ ಎದೆಯ ಮೇಲಿಟ್ಟಳು. ಯಾವುದೆಂದು ಅವಳಿಗೆ ಹೇಗೆ ತಿಳಿಯಿತೋ. ಬಹುಶಃ ಹೊದಿಕೆಯ ಮೇಲಿನ ಬಾಲ್‌ಪೆನ್ನಿನ ನಂಬರಿನಿಂದ.

"ಏಳ್ರೀ," ಎಂದಳು. "ಆ ನಾಗಪ್ಪಂದು ಮುಂದ ಏನಾತು?"